ಬಂಡವಾಳಶಾಹಿಯ ಮನೆಯಲ್ಲಿ ಬಂಡಾಯದ ಪುಸ್ತಕಗಳು

ಫ್ರಾಂಟ್ಜ್ ಫನಾನ್‌ನ ‘ದಿ ರೆಚೆಡ್ ಆಫ್ ದಿ ಅರ್ತ್’ ಅನ್ನು ನಮ್ಮಲ್ಲಿ ಓದಿದವರು ಬಹುತೇಕ ಇಂಗ್ಲಿಷ್ ಅನುವಾದದಲ್ಲೇ ಓದಿದ್ದಾರೆ. ವಸಾಹತುಶಾಹಿಯ ವಿರುದ್ಧ ಬಂದ ಪುಸ್ತಕಗಳಲ್ಲಿ ಇಷ್ಟು ಕೆರಳಿದ, ಇಷ್ಟು ತೀಕ್ಷ್ಣವಾದ ಇನ್ನೊಂದನ್ನು ಹುಡುಕುವುದು ಕಷ್ಟ. ಅದರ ಫ್ರೆಂಚ್ ಮೂಲದ ಒಂದು ಪ್ರತಿ ಇವತ್ತು ಪ್ಯಾರಿಸ್‌ನ ಅಂಗಡಿಯಲ್ಲಿ ಮಾರಾಟವಾದರೆ ಲಾಭದ ಪಾಲು ಕೊನೆಗೆ ಸೇರುವುದು ಜೆಕ್ ದೇಶದ ಡೇನಿಯಲ್ ಕ್ರೆಟಿನ್‌ಸ್ಕಿಯ ಲೆಕ್ಕಕ್ಕೆ. ಕಲ್ಲಿದ್ದಲು, ಅನಿಲದ ಕೊಳವೆಮಾರ್ಗ, ವಿದ್ಯುತ್ ಸ್ಥಾವರಗಳಿಂದ ಶ್ರೀಮಂತನಾದ ಉದ್ಯಮಿ ಆತ. ಪುಸ್ತಕ ಹೊರಬರುವುದು ‘ಲಾ ದೆಕುವೆರ್ತ್’ ಎಂಬ ಪ್ರಕಾಶನದಿಂದ. ಅದು ‘ಎದಿತಿಸ್’ ಎಂಬ ದೊಡ್ಡ ಗುಂಪಿನ ಸುಮಾರು ಐವತ್ತು ಪ್ರಕಾಶನಗಳಲ್ಲಿ ಒಂದು. ಆ ಇಡೀ ಗುಂಪನ್ನು ಕ್ರೆಟಿನ್‌ಸ್ಕಿ 2023ರ ನವೆಂಬರ್‌ನಲ್ಲಿ ಕೊಂಡ.

ಇದನ್ನು ಕೇಳಿ ವ್ಯಂಗ್ಯವಾಗಿ ನಕ್ಕು ಸುಮ್ಮನಾಗಬಹುದು. ಆದರೆ ಸಮಾಜವಿಜ್ಞಾನ, ರಾಜಕೀಯ ಚಿಂತನೆಯ ಪುಸ್ತಕಗಳನ್ನೇ ನಂಬಿ ಬದುಕುವ ಒಂದು ಪ್ರಕಾಶನ ಇಂಥ ಕೈಗಳ ನಡುವೆ ಹೇಗೆ ಉಳಿದಿದೆ, ಆ ಉಳಿವು ಎಷ್ಟು ಗಟ್ಟಿ ಎಂದು ನೋಡಿದರೆ ಪ್ರಕಾಶನಗಳ ಒಡೆತನದ ಬಗ್ಗೆ ಫ್ರಾನ್ಸ್‌ನಲ್ಲಿ ಈಗ ನಡೆಯುತ್ತಿರುವ ದೊಡ್ಡ ಜಗಳವೊಂದು ಅರ್ಥವಾಗುತ್ತದೆ. ನನಗೆ ಕಂಡಂತೆ, ಈ ಪ್ರಕಾಶನವನ್ನು ಸರ್ಕಾರದ ನಿಷೇಧಗಳು ಮುಗಿಸಲಿಲ್ಲ. ಅದನ್ನು ಬಗ್ಗಿಸಿದ್ದು ಸಾಲ ಮತ್ತು ಗೋದಾಮು. ಮುಂದೊಂದು ದಿನ ಅದು ಬದಲಾದರೆ, ಆ ಬದಲಾವಣೆ ಒಂದು ನೇಮಕಾತಿ ಪತ್ರದ ಮೂಲಕ ಬರುತ್ತದೆ.

ಕತೆ ಶುರುವಾಗುವುದು ಫ್ರಾನ್ಸ್ವಾ ಮಾಸ್ಪೆರೊ ಎಂಬ ಯುವಕನಿಂದ. 1932ರಲ್ಲಿ ಹುಟ್ಟಿದವನು, ವಿದ್ವಾಂಸರ ಮನೆತನದವನು. ಅಜ್ಜ ಗಾಸ್ತೊ ಮಾಸ್ಪೆರೊ ಈಜಿಪ್ಟಿನ ಪ್ರಾಚೀನ ಇತಿಹಾಸದಲ್ಲಿ ದೊಡ್ಡ ಹೆಸರು. ತಂದೆ ಆಂರಿ ಮಾಸ್ಪೆರೊ ಚೀನಾ ಅಧ್ಯಯನದಲ್ಲಿ. ತಂದೆ ನಾತ್ಸಿಗಳ ಬುಖನ್‌ವಾಲ್ಡ್ ಶಿಬಿರದಲ್ಲಿ 1945ರಲ್ಲಿ ತೀರಿಕೊಂಡರು. ಪ್ರತಿರೋಧ ಹೋರಾಟಕ್ಕೆ ಸೇರಿದ್ದ ಅಣ್ಣ ಯುದ್ಧದಲ್ಲಿ ಸತ್ತ. ತಾಯಿ ರಾವೆನ್ಸ್‌ಬ್ರೂಕ್ ಶಿಬಿರದಿಂದ ಬದುಕಿ ಬಂದರು. ಹೀಗೆ ಬೆಳೆದ ಹುಡುಗನಿಗೆ, ತನ್ನದೇ ದೇಶದ ಸೈನ್ಯ ಫ್ರಾನ್ಸ್‌ನ ವಸಾಹತಾಗಿದ್ದ ಅಲ್ಜೀರಿಯಾದಲ್ಲಿ ಜನರನ್ನು ಹಿಡಿದು ಚಿತ್ರಹಿಂಸೆ ಕೊಡುತ್ತಿದೆ ಎಂಬ ಸುದ್ದಿ ಬಂದಾಗ ಸುಮ್ಮನಿರಲು ಆಗಲಿಲ್ಲ. ಪ್ಯಾರಿಸ್‌ನ ಲ್ಯಾಟಿನ್ ಕ್ವಾರ್ಟರ್‌ನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದವನು 1959ರಲ್ಲಿ ತನ್ನ ಹೆಸರಿನಲ್ಲೇ ಪ್ರಕಾಶನ ತೆರೆದ.

ಮೊದಲ ವರ್ಷದಲ್ಲೇ ಫನಾನ್‌ನ ಅಲ್ಜೀರಿಯಾ ಕ್ರಾಂತಿಯ ಪುಸ್ತಕ ಬಂತು, ಜಪ್ತಿಯಾಯಿತು. ಸೈನ್ಯಕ್ಕೆ ಸೇರಲು ನಿರಾಕರಿಸಿದವನೊಬ್ಬನ ಬರಹ ಬಂತು, ಅದೂ ಜಪ್ತಿ. 1961ರ ಅಕ್ಟೋಬರ್ 17ರ ರಾತ್ರಿ ಪ್ಯಾರಿಸ್‌ನ ಬೀದಿಗಳಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಎರಗಿದರು. ಹೆಣಗಳು ಸೇನ್ ನದಿಯಲ್ಲಿ ತೇಲಿದವು. ಪೊಲೆತ್ ಪೆಜು ಅದರ ಬಗ್ಗೆ ಕೂಡಲೇ ಬರೆದ ಪುಸ್ತಕವನ್ನು ಮಾಸ್ಪೆರೊ ಅಚ್ಚು ಹಾಕಿದ. ಪೊಲೀಸರು ಅದನ್ನೂ ಹೊತ್ತೊಯ್ದರು. ಅದೇ ವರ್ಷದ ಕೊನೆಗೆ ಸಾರ್ತ್ರ್ ಮುನ್ನುಡಿಯೊಂದಿಗೆ ಬಂದ ಫನಾನ್‌ನ ಕೊನೆಯ ಪುಸ್ತಕಕ್ಕೂ ಅದೇ ಗತಿ. ರಕ್ತದ ಕ್ಯಾನ್ಸರ್‌ನಿಂದ ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದ ಫನಾನ್‌ಗೆ ಪ್ರತಿ ತಲುಪಿದ್ದು ಸಾಯುವ ಕೆಲವೇ ದಿನ ಮೊದಲು. ಡಿಸೆಂಬರ್ 6ರಂದು ಆತ ತೀರಿಕೊಂಡ, 36ನೇ ವಯಸ್ಸಿನಲ್ಲಿ.

ಅಲ್ಜೀರಿಯಾ ಯುದ್ಧ ಮುಗಿದ ಮೇಲೂ ಕಾಟ ತಪ್ಪಲಿಲ್ಲ. ಕ್ಯಾಮರೂನಿನ ಕಾದಂಬರಿಕಾರ ಮೊಂಗೊ ಬೆತಿ, ಸ್ವಾತಂತ್ರ್ಯಾನಂತರವೂ ತನ್ನ ದೇಶದ ಮೇಲೆ ಫ್ರಾನ್ಸ್ ಇಟ್ಟುಕೊಂಡ ಹಿಡಿತವನ್ನು 1972ರಲ್ಲಿ ಒಂದು ಪುಸ್ತಕದಲ್ಲಿ ಬಿಚ್ಚಿಟ್ಟ. ಗೃಹಮಂತ್ರಿ ರೇಮೊ ಮಾರ್ಸೆಲ್ಲಾ ಅದನ್ನು ನಿಷೇಧಿಸಿದರು. ಬಳಸಿದ ಅಸ್ತ್ರ 1939ರ ಒಂದು ಆದೇಶ: ‘ವಿದೇಶಿ ಮೂಲ’ದ ಪ್ರಕಟಣೆಯನ್ನು ಗೃಹಮಂತ್ರಿ ಕೋರ್ಟಿನ ಮೆಟ್ಟಿಲು ಹತ್ತದೆಯೇ ತಡೆಯಬಹುದು. ಪುಸ್ತಕ ಅಚ್ಚಾದದ್ದು ಪ್ಯಾರಿಸ್‌ನಲ್ಲಿ, ಲೇಖಕನಿಗೆ ಇದ್ದದ್ದು ಫ್ರೆಂಚ್ ಪೌರತ್ವ. ಆದರೂ ಕಪ್ಪು ಮನುಷ್ಯ ಬರೆದದ್ದು ವಿದೇಶಿ! ನಾಲ್ಕು ವರ್ಷ ಕೋರ್ಟಿನಲ್ಲಿ ಗುದ್ದಾಡಿ 1976ರಲ್ಲಿ ನಿಷೇಧ ತೆರವು ಮಾಡಿಸಿಕೊಂಡರು. ಆ ಆದೇಶ ಮಾತ್ರ ಕಾನೂನಿನಲ್ಲಿ ಹಾಗೇ ಉಳಿಯಿತು. ಬೇರೊಂದು ಪ್ರಕರಣದಲ್ಲಿ 2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಛೀಮಾರಿ ಹಾಕಿದ ನಂತರ, 2004ರಲ್ಲಿ ಫ್ರಾನ್ಸ್ ಅದನ್ನು ಕಿತ್ತುಹಾಕಿತು.

ಇಷ್ಟನ್ನೆಲ್ಲ ಹೇಳಲು ಕಾರಣವಿದೆ. ಜಪ್ತಿಯಾದ ಪುಸ್ತಕಕ್ಕೆ ಒಂದು ಆದೇಶದ ಪ್ರತಿ ಇರುತ್ತದೆ, ಅದರ ಕೆಳಗೆ ಒಬ್ಬ ಮಂತ್ರಿಯ ಸಹಿ ಇರುತ್ತದೆ. ಅದರ ವಿರುದ್ಧ ಕೋರ್ಟಿಗೆ ಹೋಗಬಹುದು, ಪತ್ರಿಕೆಯಲ್ಲಿ ಬರೆಯಬಹುದು, ಮರುಮುದ್ರಿಸಿ ಮತ್ತೆ ಜಪ್ತಿ ಮಾಡಿಸಿಕೊಳ್ಳಬಹುದು. ಮಾಸ್ಪೆರೊ ಮೂರನ್ನೂ ಮಾಡಿದ. ದಂಡ ಕಟ್ಟಿದ. ಬಲಪಂಥೀಯರು ಅಂಗಡಿಗೆ ಬಾಂಬಿಟ್ಟರು, ಮತ್ತೆ ಬಾಗಿಲು ತೆರೆದ. ಅದರ ನಡುವೆಯೇ 1965ರಲ್ಲಿ ತತ್ವಜ್ಞಾನಿ ಅಲ್ತುಸೆರ್‌ನ ಮಾರ್ಕ್ಸ್ ಅಧ್ಯಯನಗಳನ್ನು ತಂದು, ಒಂದು ಇಡೀ ತಲೆಮಾರಿನ ವಿದ್ಯಾರ್ಥಿಗಳ ಜೇಬಿನಲ್ಲಿ ತನ್ನ ಅಗ್ಗದ ಪುಟ್ಟ ಪುಸ್ತಕಗಳು ಇರುವಂತೆ ಮಾಡಿದ.

ಅವನನ್ನು ಸುಸ್ತು ಮಾಡಿದ್ದು ಬೇರೆಯದು. 1968ರ ವಿದ್ಯಾರ್ಥಿ ದಂಗೆಯ ನಂತರ ಅವನ ಅಂಗಡಿಯಿಂದ ಪುಸ್ತಕ ಕದಿಯುವುದು ಎಡಪಂಥೀಯ ಹುಡುಗರಲ್ಲಿ ಒಂದು ಶೋಕಿಯಾಯಿತು. ಕ್ರಾಂತಿಯ ಪುಸ್ತಕಕ್ಕೆ ದುಡ್ಡು ಕೇಳುವುದೇ ತಪ್ಪು ಎಂಬುದು ಅವರ ವಾದ. ಮಾಸ್ಪೆರೊ ಪೊಲೀಸರಿಗೆ ದೂರು ಕೊಡಲು ಒಪ್ಪಲಿಲ್ಲ. ದಂಡ, ಬಾಂಬು, ಕಳ್ಳತನ ಸೇರಿ 1970ರ ದಶಕದ ನಡುವೆ ಅಂಗಡಿ ಕೈಬಿಟ್ಟಿತು. ಪ್ರಕಾಶನ ಇನ್ನೂ ಕೆಲವು ವರ್ಷ ಕುಂಟುತ್ತ ನಡೆಯಿತು. ಮಂತ್ರಿಗಳನ್ನು ಎದುರಿಸಿ ನಿಂತವನನ್ನು ಅವನ ಓದುಗರೇ ಬರಿದು ಮಾಡಿದ ಈ ಅಧ್ಯಾಯವನ್ನು ಫ್ರಾನ್ಸ್‌ನ ಎಡಪಂಥೀಯರು ಅಷ್ಟಾಗಿ ನೆನೆಯುವುದಿಲ್ಲ. 1982ರಲ್ಲಿ ಮಾಸ್ಪೆರೊ ಪ್ರಕಾಶನವನ್ನು ಫ್ರಾನ್ಸ್ವಾ ಜೆಜ್ ಕೈಗೆ ಒಪ್ಪಿಸಿ ಹೊರನಡೆದ, ತನ್ನ ಹೆಸರನ್ನೂ ವಾಪಸು ಪಡೆದ. ಹಳೆಯ ಪ್ರವಾಸಕಥನಗಳಿಗಾಗಿ ಅವನೇ ನಡೆಸಿದ್ದ ಒಂದು ಮಾಲೆಯ ಹೆಸರು ಲಾ ದೆಕುವೆರ್ತ್. 1983ರಿಂದ ಅದೇ ಸಂಸ್ಥೆಯ ಹೆಸರಾಯಿತು.

ಜೆಜ್ ಗಣಿ ಎಂಜಿನಿಯರಿಂಗ್ ಓದಿದವನು, ತೃತೀಯ ಜಗತ್ತಿನ ಹೋರಾಟಗಳಲ್ಲಿ ಬೆರೆತವನು, ಜೊತೆಗೆ ಲೆಕ್ಕ ಬಲ್ಲವನು. ಅವನು ಮಾಡಿದ ಅತಿ ಜಾಣ ಕೆಲಸ ‘ರೆಪೆರ್’ ಮಾಲೆ. 128 ಪುಟಗಳ ಪುಟ್ಟ ಪುಸ್ತಕಗಳು: ನಿರುದ್ಯೋಗದ ಅರ್ಥಶಾಸ್ತ್ರ, ಕುಟುಂಬದ ಸಮಾಜಶಾಸ್ತ್ರ, ಹಣದುಬ್ಬರ, ವಲಸೆ ಹೀಗೆ ಒಂದೊಂದಕ್ಕೆ ಒಂದೊಂದು. ಬರೆಯುವವರು ಆ ವಿಷಯದ ತಜ್ಞರು, ಕೊಳ್ಳುವವರು ಕಾಲೇಜು ವಿದ್ಯಾರ್ಥಿಗಳು. ಪ್ರತಿ ವರ್ಷ ಹೊಸ ಬ್ಯಾಚು ಬರುತ್ತದೆ, ಪುಸ್ತಕ ಮತ್ತೆ ಖರ್ಚಾಗುತ್ತದೆ. ಕ್ರಾಂತಿಯ ಬರಹಕ್ಕೆ ಪಠ್ಯಪುಸ್ತಕ ಅನ್ನ ಹಾಕುವ ಈ ಏರ್ಪಾಡು ನಮ್ಮ ಪ್ರಕಾಶಕರಿಗೂ ಚೆನ್ನಾಗಿ ಗೊತ್ತಿರುವಂಥದ್ದೇ. ಮುಂದೆ ಫೋಟೊಕಾಪಿ ಯಂತ್ರ, ಆಮೇಲೆ ಇಂಟರ್ನೆಟ್ ಈ ವರಮಾನವನ್ನು ತಿನ್ನತೊಡಗಿದಾಗ, 2005ರಲ್ಲಿ ಇನ್ನು ಮೂರು ಪ್ರಕಾಶನಗಳೊಂದಿಗೆ ಸೇರಿ ‘ಕೇರ್ನ್’ ಎಂಬ ಆನ್‌ಲೈನ್ ವೇದಿಕೆ ಕಟ್ಟಿದರು. ಫ್ರೆಂಚ್ ಸಮಾಜವಿಜ್ಞಾನದ ಪತ್ರಿಕೆಗಳನ್ನು ಈಗ ಜಗತ್ತಿನ ವಿಶ್ವವಿದ್ಯಾಲಯಗಳು ಓದುವುದು ಬಹುಪಾಲು ಅದರ ಮೂಲಕ.

ಇಷ್ಟು ಜಾಣತನವಿದ್ದರೂ 1998ರಲ್ಲಿ ಪ್ರಕಾಶನ ಹಾವಾಸ್ ಗುಂಪಿಗೆ, ಅಂದರೆ ವಿವೆಂದಿ ಎಂಬ ಉದ್ಯಮ ಸಾಮ್ರಾಜ್ಯಕ್ಕೆ ಸೇರಿತು. ಅಲ್ಲಿಂದ ಶುರುವಾದದ್ದು ಒಡೆಯರ ಮೆರವಣಿಗೆ. ವಿವೆಂದಿ 2002ರಲ್ಲಿ ಸಾಲದಲ್ಲಿ ಕುಸಿದಾಗ ಅದರ ಪುಸ್ತಕ ವಿಭಾಗವನ್ನು ಲಗಾರ್ದೇರ್ ಹಿಡಿಯಲು ಬಂತು. ಆಗಲೇ ಹಾಶೆತ್ ಎಂಬ ಇನ್ನೊಂದು ದೊಡ್ಡ ಪ್ರಕಾಶನ ಗುಂಪಿನ ಒಡೆಯನಾಗಿದ್ದ ಲಗಾರ್ದೇರ್ ಕೈಗೆ ಇದೂ ಹೋದರೆ ಪೈಪೋಟಿ ಸಾಯುತ್ತದೆ ಎಂದು ಯುರೋಪಿಯನ್ ಕಮಿಷನ್ ಬಹುಭಾಗವನ್ನು ಬಿಡಿಸಿತು. ಬಿಟ್ಟ ಭಾಗಕ್ಕೆ ಎದಿತಿಸ್ ಎಂದು ಹೆಸರಾಯಿತು. 2004ರಲ್ಲಿ ಅದನ್ನು ಕೊಂಡದ್ದು ವೆಂದೆಲ್ ಎಂಬ ಹೂಡಿಕೆ ಕಂಪನಿ. ಅದರ ಮುಖ್ಯಸ್ಥ ಎರ್ನೆಸ್ತ್-ಆಂತ್ವಾನ್ ಸೆಲಿಯೆರ್ ಆಗ ಫ್ರಾನ್ಸ್‌ನ ಮಾಲೀಕರ ಸಂಘ ಮೆದೆಫ್‌ನ ಅಧ್ಯಕ್ಷರೂ ಆಗಿದ್ದರು. ಕಾರ್ಮಿಕ ಹೋರಾಟದ ಪುಸ್ತಕ ತರುವ ಮನೆಗೆ ಮಾಲೀಕರ ಸಂಘದ ಅಧ್ಯಕ್ಷನೇ ಯಜಮಾನ! 2008ರಲ್ಲಿ ಸ್ಪೇನ್‌ನ ಪ್ಲಾನೆತಾ, 2019ರಲ್ಲಿ ಮತ್ತೆ ವಿವೆಂದಿ, 2023ರಲ್ಲಿ ಕ್ರೆಟಿನ್‌ಸ್ಕಿ.

ಸ್ವಂತ ಕಾಲ ಮೇಲೆ ಯಾಕೆ ನಿಲ್ಲಲಿಲ್ಲ ಎಂದು ಕೇಳುವವರು ಫ್ರಾನ್ಸ್‌ನಲ್ಲಿ ಪುಸ್ತಕ ಅಂಗಡಿ ತಲುಪುವ ಬಗೆಯನ್ನು ನೋಡಬೇಕು. ಅಲ್ಲಿ ಪ್ರಕಾಶಕ ಮತ್ತು ಅಂಗಡಿಯ ನಡುವೆ ಎರಡು ಕೆಲಸಗಳಿವೆ. ಒಂದು, ಪ್ರತಿನಿಧಿಗಳು ಊರೂರಿಗೆ ಹೋಗಿ ಬರಲಿರುವ ಪುಸ್ತಕಗಳಿಗೆ ಆರ್ಡರ್ ಹಿಡಿಯುವುದು. ಇನ್ನೊಂದು, ಗೋದಾಮು, ಲಾರಿ, ಬಿಲ್ಲು, ವಸೂಲಿ. ಅಂಗಡಿಯವರು ಮಾರಾಟವಾಗದ ಪ್ರತಿಗಳನ್ನು ವಾಪಸು ಕಳಿಸಬಹುದು, ಹಾಗೆ ಕಳಿಸಿದ್ದಕ್ಕೂ ಪ್ರಕಾಶಕನೇ ಗೋದಾಮಿಗೆ ಹಣ ಕೊಡಬೇಕು. ಪುಸ್ತಕ ಹೋದರೂ ಕಾಸು, ಬಂದರೂ ಕಾಸು. ಈ ವಿತರಣೆಯ ಬಹುಪಾಲು ಇರುವುದು ನಾಲ್ಕು ದೊಡ್ಡ ಗುಂಪುಗಳ ಕೈಯಲ್ಲಿ: ಹಾಶೆತ್, ಎದಿತಿಸ್, ಗಲಿಮಾರ್ ಪ್ರಕಾಶನದ ಒಡೆಯ ಮಾದ್ರಿಗಾಲ್, ಸೆಯ್ ಪ್ರಕಾಶನದ ಒಡೆಯ ಮೆದಿಯಾ-ಪಾರ್ತಿಸಿಪಾಸಿಯೊ. ಸಣ್ಣ ಪ್ರಕಾಶಕ ಎಷ್ಟೇ ಸ್ವತಂತ್ರನಾದರೂ ಅವನ ಪುಸ್ತಕ ಹೆಚ್ಚಾಗಿ ಸಾಗುವುದು ಇವರ ಲಾರಿಯಲ್ಲೇ. ಸಂಪಾದಕರ ಬಗ್ಗೆ ಎಷ್ಟೋ ಲೇಖನ ಬರುತ್ತವೆ, ಗೋದಾಮಿನ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಕೊಳ್ಳುವ ಉದ್ಯಮಿಯ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಕ್ರೆಟಿನ್‌ಸ್ಕಿಯ ವಿಷಯದಲ್ಲಿ ಇನ್ನೊಂದು ಕೊಂಡಿಯೂ ಇದೆ: ಫ್ರಾನ್ಸ್‌ನ ಅತಿ ದೊಡ್ಡ ಪುಸ್ತಕ ಮಾರಾಟ ಸರಣಿ ಫ್ನಾಕ್‌ನಲ್ಲಿ ಹಿರಿಯ ಪಾಲುದಾರನೂ ಆತನೇ.

ಈ ಒತ್ತಡದ ನಡುವೆ ಉಸಿರಾಡಲು ಜಾಗ ಕೊಟ್ಟದ್ದು ಒಂದು ಕಾನೂನು. ಸಂಸ್ಕೃತಿ ಮಂತ್ರಿ ಜಾಕ್ ಲಾಂಗ್ ತಂದ 1981ರ ಆಗಸ್ಟ್ 10ರ ಕಾಯ್ದೆಯ ಪ್ರಕಾರ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕ ನಿಗದಿಪಡಿಸುತ್ತಾನೆ. ಯಾವ ಅಂಗಡಿಯೂ ಶೇ 5ಕ್ಕಿಂತ ಹೆಚ್ಚು ಕಡಿತ ಕೊಡುವಂತಿಲ್ಲ. ‘ಶೇ 50 ರಿಯಾಯಿತಿ’ ಬೋರ್ಡು ಕಂಡರೇ ಒಳಗೆ ಕಾಲಿಡುವ ನಮಗೆ ಇದು ವಿಚಿತ್ರ ಅನ್ನಿಸೀತು. ಆದರೆ ಫ್ನಾಕ್‌ನಲ್ಲೂ ಮೂಲೆಯ ಅಂಗಡಿಯಲ್ಲೂ ಒಂದೇ ಬೆಲೆ ಎಂದಾದಾಗ, ತಿಂಗಳಿಗೆ ಎರಡು ಪ್ರತಿ ಹೋಗುವ ಸಮಾಜಶಾಸ್ತ್ರದ ಪುಸ್ತಕವನ್ನೂ ಇಟ್ಟುಕೊಳ್ಳಲು ಮೂಲೆಯ ಅಂಗಡಿಗೆ ಧೈರ್ಯ ಬರುತ್ತದೆ. ಅಮೆಜಾನ್ ಸಾಗಣೆ ವೆಚ್ಚವನ್ನು ಬಹುತೇಕ ಮನ್ನಾ ಮಾಡಿ ಈ ಕಾಯ್ದೆಯಿಂದ ನುಣುಚಿಕೊಳ್ಳುತ್ತಿತ್ತು. 2023ರ ಅಕ್ಟೋಬರ್‌ನಿಂದ 35 ಯೂರೊಗಿಂತ ಕಡಿಮೆಯ ಆರ್ಡರ್‌ಗೆ ಕನಿಷ್ಠ 3 ಯೂರೊ ಸಾಗಣೆ ವೆಚ್ಚ ಕಡ್ಡಾಯವಾಯಿತು.

ಸರಿ, ಇಷ್ಟು ಒಡೆಯರು ಬಂದು ಹೋದರಲ್ಲ, ಪುಸ್ತಕಗಳು ಬದಲಾದವೇ? ಅಷ್ಟಾಗಿ ಬದಲಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. 2001ರಲ್ಲಿ, ವಿವೆಂದಿ ಕೈಯಲ್ಲಿದ್ದಾಗಲೇ, ಅಲ್ಜೀರಿಯಾ ಸೈನ್ಯದ ಮಾಜಿ ಅಧಿಕಾರಿ ಹಬೀಬ್ ಸುಐದಿಯಾ ತನ್ನ ಸೈನ್ಯದ ಕ್ರೌರ್ಯವನ್ನು ಬಯಲು ಮಾಡಿದ ಪುಸ್ತಕ ಇಲ್ಲಿಂದ ಬಂತು. ಆ ಬಗ್ಗೆ ಅವನು ಟಿವಿಯಲ್ಲಿ ಆಡಿದ ಮಾತಿಗೆ ಮಾಜಿ ರಕ್ಷಣಾ ಮಂತ್ರಿ ಜನರಲ್ ಖಾಲಿದ್ ನೆಜ್ಜಾರ್ ಪ್ಯಾರಿಸ್‌ನಲ್ಲಿ ಮಾನನಷ್ಟ ದಾವೆ ಹೂಡಿ 2002ರಲ್ಲಿ ಸೋತರು. 2013ರಲ್ಲಿ ಅಶಿಲ್ ಎಂಬೆಂಬೆಯ ಜನಾಂಗವಾದದ ವಿಮರ್ಶೆ, 2017ರಲ್ಲಿ ಬ್ರೂನೊ ಲತೂರ್‌ನ ಹವಾಮಾನ ರಾಜಕಾರಣದ ಬರಹ, 2018ರಲ್ಲಿ ಸಂಸ್ಥೆಯ ‘ಜೋನ್’ ಮುದ್ರೆಯಿಂದ ಮೋನಾ ಶೊಲೆಯ ಮಾಟಗಾತಿಯರ ಕುರಿತ ಸ್ತ್ರೀವಾದಿ ಪುಸ್ತಕ ಬಂದವು. ಕೊನೆಯದು ಲಕ್ಷಗಟ್ಟಲೆ ಪ್ರತಿ ಹೋಯಿತು. ಇನ್ನೂ ಸ್ವಾರಸ್ಯದ್ದು ಮೊಂಗೊ ಬೆತಿಯ ಪುಸ್ತಕದ್ದು. 2010ರಲ್ಲಿ ಮರುಮುದ್ರಣವಾದ ಅದು, ವಿವೆಂದಿಯ ಬೆನ್ನ ಹಿಂದಿನ ಶಕ್ತಿಯಾದ ಉದ್ಯಮಿ ವ್ಯಾನ್ಸಾ ಬೊಲೊರೆ 2019ರಲ್ಲಿ ಒಡೆಯನಾಗಿ ಬಂದಾಗಲೂ ಪಟ್ಟಿಯಲ್ಲಿತ್ತು. ಆಗ ಕ್ಯಾಮರೂನಿನ ರೈಲು ಕಂಪನಿಯ ಬಹುಪಾಲು ಇದ್ದದ್ದು ಬೊಲೊರೆ ಗುಂಪಿನ ಕೈಯಲ್ಲಿ.

ಇದನ್ನು ಒಡೆಯರ ಔದಾರ್ಯ ಎಂದು ನಾನು ಓದುವುದಿಲ್ಲ. ಲೆಕ್ಕ ಸರಳ. ಫನಾನ್ ಪ್ರತಿ ವರ್ಷ ಮಾರಾಟವಾಗುತ್ತಾನೆ, ಮುಂಗಡ ಕೊಡಬೇಕಿಲ್ಲ, ಜಾಹೀರಾತು ಬೇಕಿಲ್ಲ. ಇಂಥ ಹಳೆಯ ಪುಸ್ತಕಗಳ ರಾಶಿಯೇ ಸಮಾಜವಿಜ್ಞಾನದ ಪ್ರಕಾಶನದ ಆಸ್ತಿ. ಅದರ ಹೆಸರು ಕೆಡಿಸಿದರೆ ಲೇಖಕರು ಮುಂದಿನ ಪುಸ್ತಕವನ್ನು ಪಕ್ಕದ ಬೀದಿಗೆ ಒಯ್ಯುತ್ತಾರೆ, ಉಳಿಯುವುದು ಬರೀ ಹಲಗೆ. ಲಾಭವನ್ನು ಮಾತ್ರ ನೋಡುವ ಒಡೆಯನಿಗೆ ಈ ಲೆಕ್ಕ ತಿಳಿಯುತ್ತದೆ. ಲಾಭಕ್ಕಿಂತ ಬೇರೆ ಏನನ್ನೋ ಬಯಸುವವನು ಬಂದರೆ ಆಗ ತೊಂದರೆ.

ಅಂಥವನು ಬಂದಿದ್ದಾನೆ, ಪಕ್ಕದ ಮನೆಗೆ. ಬೊಲೊರೆಗೆ ಹಾಶೆತ್ ಬೇಕಿತ್ತು. ಎರಡು ಅತಿ ದೊಡ್ಡ ಗುಂಪುಗಳನ್ನು ಒಬ್ಬನೇ ಇಟ್ಟುಕೊಳ್ಳುವಂತಿಲ್ಲ ಎಂದು ಯುರೋಪಿಯನ್ ಕಮಿಷನ್ ಹೇಳಿದ್ದರಿಂದಲೇ ವಿವೆಂದಿ ಎದಿತಿಸ್ ಮಾರಿ 2023ರ ಕೊನೆಯಲ್ಲಿ ಹಾಶೆತ್ ಹಿಡಿಯಿತು. ಸಿನ್ಯೂಸ್ ಚಾನೆಲ್, ಯೂರೋಪ್ 1 ರೇಡಿಯೊ, ಭಾನುವಾರದ ಪತ್ರಿಕೆ ಜೆಡಿಡಿ, ಇವೆಲ್ಲ ಅವನ ಕೈಗೆ ಬಂದ ಮೇಲೆ ಎಷ್ಟು ಬಲಕ್ಕೆ ವಾಲಿದವು ಎಂಬುದನ್ನು ಫ್ರೆಂಚರು ಕಂಡಿದ್ದರು. ಹಾಶೆತ್‌ನೊಳಗಿನ ಫಯಾರ್ ಇತಿಹಾಸ ಮತ್ತು ರಾಜಕೀಯ ಗ್ರಂಥಗಳಿಗೆ ಹೆಸರಾದ ಹಳೆಯ ಪ್ರಕಾಶನ. 2024ರಲ್ಲಿ ಅದರ ಮುಖ್ಯಸ್ಥೆ ಇಸಬೆಲ್ ಸಪೋರ್ತಾರನ್ನು ತೆಗೆದು, ಹಿಂದೆ ತೀವ್ರ ಬಲಪಂಥೀಯ ಎರಿಕ್ ಜೆಮ್ಮೂರ್‌ನ ಪುಸ್ತಕಗಳನ್ನು ಸಂಪಾದಿಸಿದ್ದ ಲೀಸ್ ಬೊಎಲ್‌ರನ್ನು ಕೂರಿಸಲಾಯಿತು. ಆ ನವೆಂಬರ್‌ನಲ್ಲೇ ತೀವ್ರ ಬಲಪಂಥೀಯ ಪಕ್ಷದ ಅಧ್ಯಕ್ಷ ಜೊರ್ದಾನ್ ಬಾರ್ದೆಲಾನ ಪುಸ್ತಕ ಫಯಾರ್‌ನಿಂದ ಹೊರಬಂತು. ಯಾವ ಪುಸ್ತಕವೂ ನಿಷೇಧವಾಗಲಿಲ್ಲ, ಜಪ್ತಿಯಾಗಲಿಲ್ಲ. ಮೇಜಿನ ಹಿಂದೆ ಕೂರುವವರು ಬದಲಾದರು, ಅಷ್ಟೆ. ಇದರ ವಿರುದ್ಧ ಯಾವ ಕೋರ್ಟಿಗೆ ಹೋಗುತ್ತೀರಿ?

ಫ್ರಾನ್ಸ್‌ನ ಪತ್ರಕರ್ತರಿಗೆ 1935ರ ಕಾಯ್ದೆಯೊಂದು ಆಸರೆಯಾಗಿದೆ. ಪತ್ರಿಕೆಯ ಒಡೆತನ ಬದಲಾದರೆ, ಅಥವಾ ನಿಲುವೇ ಬದಲಾದರೆ, ಪರಿಹಾರ ಪಡೆದು ಕೆಲಸ ಬಿಡಬಹುದು. ಪುಸ್ತಕದ ಲೇಖಕನಿಗೆ ಅಂಥದ್ದೇನೂ ಇಲ್ಲ. ಅಲ್ಲಿನ ರೂಢಿಯ ಕರಾರಿನಲ್ಲಿ ಲೇಖಕ ಹಕ್ಕು ಒಪ್ಪಿಸುವುದು ಕಾಪಿರೈಟ್ ಇರುವಷ್ಟೂ ಕಾಲಕ್ಕೆ, ಅಂದರೆ ಅವನು ಸತ್ತು 70 ವರ್ಷ ಕಳೆಯುವವರೆಗೆ. ಪ್ರಕಾಶನದ ವ್ಯವಹಾರವನ್ನೇ ಇನ್ನೊಬ್ಬರಿಗೆ ಮಾರಿದಾಗ ಲೇಖಕನ ಹಿತಕ್ಕೆ ಗಂಭೀರ ಧಕ್ಕೆಯಾದರೆ ಕರಾರು ಮುರಿಯಲು ಕೇಳಬಹುದು ಎಂದು ಕಾನೂನಿನಲ್ಲಿದೆ. ಆದರೆ ಮೇಲಿನ ಮಾತೃಸಂಸ್ಥೆಯ ಷೇರು ಕೈಬದಲಾದಾಗ ಅದನ್ನು ಬಳಸುವುದು ಸುಲಭವಲ್ಲ. ಹೊಸ ಪುಸ್ತಕವನ್ನು ಬೇರೆಯವರಿಗೆ ಕೊಡಬಹುದು, ಹಳೆಯವೆಲ್ಲ ಅಲ್ಲೇ ಒತ್ತೆ. ಸತ್ತ ಲೇಖಕನಂತೂ ಎಲ್ಲಿಗೂ ಹೋಗಲಾರ.

ಹಾಗಾದರೆ ದೊಡ್ಡ ಗುಂಪಿನ ಹೊರಗೆ ಉಳಿಯುವುದೇ ದಾರಿಯೇ? ಅದನ್ನು ಮಾಡಿ ತೋರಿಸಿದವನು ಎರಿಕ್ ಅಜಾನ್. ವೃತ್ತಿಯಿಂದ ಶಸ್ತ್ರಚಿಕಿತ್ಸಕ. ತಂದೆಯ ಕಲಾಪುಸ್ತಕಗಳ ಪ್ರಕಾಶನವನ್ನು ನಡೆಸಿ, ಅದು ಹಾಶೆತ್ ಪಾಲಾದದ್ದನ್ನು ಕಣ್ಣಾರೆ ಕಂಡವನು. 1998ರಲ್ಲಿ, ಲಾ ದೆಕುವೆರ್ತ್ ದೊಡ್ಡ ಗುಂಪು ಸೇರಿದ ವರ್ಷವೇ, ಅವನು ‘ಲಾ ಫಾಬ್ರಿಕ್’ ಎಂಬ ಪುಟ್ಟ ಪ್ರಕಾಶನ ಶುರು ಮಾಡಿದ. ವರ್ಷಕ್ಕೆ ಕೆಲವೇ ಪುಸ್ತಕ, ಕೆಲವೇ ಜನ. 2024ರ ಜೂನ್‌ನಲ್ಲಿ ಅಜಾನ್ ತೀರಿಕೊಂಡ ಮೇಲೂ ಅದು ಸ್ವತಂತ್ರವಾಗಿಯೇ ನಡೆದಿದೆ. ಆದರೆ ಹೊರಗಿರುವವರನ್ನು ಸರ್ಕಾರ ಮರೆಯುವುದಿಲ್ಲ. 2007ರಲ್ಲಿ ಅದು ತಂದ, ಹೆಸರು ಹೇಳದ ಗುಂಪೊಂದರ ದಂಗೆಯ ಪುಸ್ತಕ ಮುಂದಿನ ವರ್ಷ ತಾರ್ನಾಕ್ ಭಯೋತ್ಪಾದನೆ ಮೊಕದ್ದಮೆಯ ಕಡತ ಸೇರಿತು. ಪೊಲೀಸರು ಪ್ರಕಾಶಕನನ್ನೂ ಕರೆದು ವಿಚಾರಿಸಿದರು. 2018ರಲ್ಲಿ ಮೊಕದ್ದಮೆ ಬಿದ್ದುಹೋಯಿತು. 2023ರ ಏಪ್ರಿಲ್‌ನಲ್ಲಿ ಲಂಡನ್ ಪುಸ್ತಕ ಮೇಳಕ್ಕೆ ಹೊರಟಿದ್ದ ಇದರ ವಿದೇಶಿ ಹಕ್ಕುಗಳ ವ್ಯವಸ್ಥಾಪಕನನ್ನು ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ಬ್ರಿಟಿಷ್ ಪೊಲೀಸರು ಭಯೋತ್ಪಾದನಾ ಕಾಯ್ದೆಯಡಿ ತಡೆದರು. ಫ್ರಾನ್ಸ್‌ನ ಪಿಂಚಣಿ ಹೋರಾಟದ ಬಗ್ಗೆ ಪ್ರಶ್ನೆ ಕೇಳಿ, ಫೋನಿನ ಪಾಸ್‌ವರ್ಡ್ ಕೊಡಲಿಲ್ಲವೆಂದು ಬಂಧಿಸಿದರು. ಆ ಕಾಯ್ದೆಯ ಸ್ವತಂತ್ರ ಪರಿಶೀಲಕ ಜೊನಾಥನ್ ಹಾಲ್ ನಂತರ ಇದು ಸರಿಯಲ್ಲವೆಂದು ವರದಿ ಕೊಟ್ಟರು.

ಹೊರಗಿದ್ದರೆ ಪೊಲೀಸು, ಒಳಗಿದ್ದರೆ ಒಡೆಯ ಎಂದು ಸರಳವಾಗಿ ಹೇಳಿಬಿಡುವ ಆಸೆಯಾಗುತ್ತದೆ, ಅದು ಪೂರ್ತಿ ನಿಜವಲ್ಲ. ಲಾ ಫಾಬ್ರಿಕ್‌ನಂಥವು ವರ್ಷಕ್ಕೆ ಕೆಲವೇ ಪುಸ್ತಕ ತರಬಲ್ಲವು. ರೆಪೆರ್‌ನಂಥ ನೂರಾರು ಪುಸ್ತಕಗಳ ಮಾಲೆಯನ್ನು, ಹತ್ತಾರು ಸಂಶೋಧನಾ ಪತ್ರಿಕೆಗಳನ್ನು ಹೊರಲು ದೊಡ್ಡ ಹೆಗಲು ಬೇಕು. ಫ್ರೆಂಚ್ ವಿಶ್ವವಿದ್ಯಾಲಯಕ್ಕೆ ಎರಡೂ ಬೇಕಾಗಿದೆ. 2025ರಲ್ಲಿ ನೂರಕ್ಕೂ ಹೆಚ್ಚು ಸಣ್ಣ ಪ್ರಕಾಶಕರು ಬೊಲೊರೆ ವಿರುದ್ಧ ಒಂದೇ ಪುಸ್ತಕವನ್ನು ಎಲ್ಲರ ಹೆಸರಿನಲ್ಲೂ ಒಟ್ಟಿಗೆ ಹೊರತಂದರು. ಕೆಲವು ಅಂಗಡಿಗಳವರು ಫಯಾರ್‌ನ ಹೊಸ ಪುಸ್ತಕಗಳನ್ನು ತರಿಸುವುದನ್ನೇ ಕಡಿಮೆ ಮಾಡಿದರು. ಈ ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ. ಅಲ್ಲಿ ದಶಕಗಳಿಂದ ಒಳ್ಳೆಯ ಇತಿಹಾಸಕಾರರು ಬರೆದ ಪುಸ್ತಕಗಳೂ ಇವೆ, ಪೆಟ್ಟು ಅವರಿಗೂ ಬೀಳುತ್ತದೆ. ಅದಕ್ಕಿಂತ, ಒಡೆತನ ಬದಲಾದರೆ ಹಕ್ಕು ವಾಪಸು ಬರುವಂತೆ, ಅಥವಾ ಹತ್ತಿಪ್ಪತ್ತು ವರ್ಷಕ್ಕೆ ಮಾತ್ರ ಹಕ್ಕು ಕೊಡುವಂತೆ ಕರಾರನ್ನೇ ತಿದ್ದಬೇಕು ಎಂಬ ಲೇಖಕರ ಬೇಡಿಕೆಗೆ ಹೆಚ್ಚು ಬಲವಿದೆ.

ಫನಾನ್‌ನ ವಿಷಯದಲ್ಲಿ ಕಾಲವೇ ಆ ಕೆಲಸ ಮಾಡಲಿದೆ. 1961ರಲ್ಲಿ ತೀರಿಕೊಂಡ ಅವನ ಬರಹ ಫ್ರಾನ್ಸ್‌ನಲ್ಲಿ 2032ರ ಜನವರಿ 1ರಂದು ಎಲ್ಲರದ್ದಾಗುತ್ತದೆ. ಅಲ್ಲಿಯವರೆಗೆ ಅದು ಎದಿತಿಸ್ ಯಾರ ಕೈಯಲ್ಲಿರುತ್ತದೋ ಅವರ ಗೋದಾಮಿನಲ್ಲಿರುತ್ತದೆ. ಭಾರತದ ಕಾಪಿರೈಟ್ ಕಾಯ್ದೆಯಲ್ಲಿ ಲೇಖಕನ ಮರಣದ ನಂತರ ಲೆಕ್ಕ ಹಿಡಿಯುವುದು 60 ವರ್ಷ. ಹಾಗಾಗಿ ಇಲ್ಲಿ ಆ ಅವಧಿ 2021ಕ್ಕೇ ಮುಗಿದಿದೆ. ಫ್ರೆಂಚ್ ಬಲ್ಲ ಕನ್ನಡಿಗರೊಬ್ಬರು ಮೂಲದಿಂದ ನೇರವಾಗಿ ಕನ್ನಡಕ್ಕೆ ತಂದು ಇಲ್ಲಿ ಪ್ರಕಟಿಸಲು ಈಗ ಪ್ಯಾರಿಸ್‌ಗೆ ಪತ್ರ ಬರೆಯಬೇಕಿಲ್ಲ. ಇಂಗ್ಲಿಷ್ ಅನುವಾದವನ್ನು ಆಧರಿಸುವುದಾದರೆ ಆ ಅನುವಾದಕರ ಹಕ್ಕು ಬೇರೆ, ಅದನ್ನು ನೋಡಿಕೊಳ್ಳಬೇಕು. ಸಾರ್ತ್ರ್‌ನ ಮುನ್ನುಡಿಯನ್ನೂ ಸೇರಿಸಬೇಕೆಂದರೆ ಅನುಮತಿ ಬೇಕೇ ಬೇಕು. ಆತ ತೀರಿಕೊಂಡದ್ದು 1980ರಲ್ಲಿ, ಅದರ ಅವಧಿ ಇಲ್ಲಿ 2040ರವರೆಗಿದೆ.